ಪೈಥಾನ್ ಪ್ರೋಗ್ರಾಮಿನಿಂದ 600 ಸದಸ್ಯರಿಗೆ ಇಮೇಲ್: 535 ಎರರ್, ಕನ್ನಡ ಸಬ್ಜೆಕ್ಟ್ ಒಡೆಯುತ್ತಿದೆ

ಅಡಕೆತೋಟ:
ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪ್ರೋಗ್ರಾಮಿಂಗ್ ನನ್ನ ಕಸುಬಲ್ಲ, ಪೈಥಾನ್ ತಕ್ಕಮಟ್ಟಿಗೆ ಬರುತ್ತದೆ. ಮಹಾಸಭೆಗೆ ಮುಂಚೆ ಪ್ರತಿ ಸದಸ್ಯರಿಗೂ ಅವರವರ ಷೇರು, ಡಿವಿಡೆಂಡ್ ವಿವರದ ಪಿಡಿಎಫ್ ಕಳಿಸಬೇಕು. ಇಮೇಲ್ ಕೊಟ್ಟಿರುವ ಸದಸ್ಯರು ಸುಮಾರು 600. ಎಕ್ಸೆಲ್ ಶೀಟಿನಲ್ಲಿ ಸದಸ್ಯತ್ವ ಸಂಖ್ಯೆ, ಹೆಸರು, ಇಮೇಲ್ ಇವೆ. ಪಿಡಿಎಫ್‌ಗಳೂ ಸಿದ್ಧ ಇವೆ.

ಸಂಘದ ಹೆಸರಿನ ಜಿಮೇಲ್ ಖಾತೆಯಿಂದ ಕಳಿಸೋಣ ಅಂತ ಪೈಥಾನಿನ ಮೇಲ್ ಕಳಿಸುವ ಲೈಬ್ರರಿ ಎಸ್‌ಎಂಟಿಪಿಲಿಬ್ ಬಳಸಿ ಬರೆದಿದ್ದೇನೆ. ಲಾಗಿನ್ ಸಾಲಿಗೆ ಬಂದಾಗ 535 (ಲಾಗಿನ್ ಒಪ್ಪಲಿಲ್ಲ) ಅಂತ ನಿಲ್ಲುತ್ತದೆ. ಪಾಸ್‌ವರ್ಡ್ ಸರಿಯಾಗಿಯೇ ಇದೆ, ಅದೇ ಪಾಸ್‌ವರ್ಡಿನಲ್ಲಿ ಬ್ರೌಸರಿನಲ್ಲಿ ಒಳಗೆ ಹೋಗಬಹುದು. ಎರಡನೇ ಪ್ರಶ್ನೆ: ಸಂಘಕ್ಕೆ ಸ್ವಂತ ಡೊಮೈನ್ ಇದೆ, ವೆಬ್‌ಸೈಟ್ ಅದರಲ್ಲಿದೆ. ಹೋಸ್ಟಿಂಗ್ ಜೊತೆ ಕೊಟ್ಟ ಮೇಲ್‌ಬಾಕ್ಸಿನಿಂದ ಕಳಿಸಿ ನೋಡಿದರೆ ಮೇಲ್ ಹೋಗುತ್ತದೆ, ಆದರೆ ಕನ್ನಡ ಸಬ್ಜೆಕ್ಟಿನ ನಡುವೆ ಕಪ್ಪು ಚೌಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಯಾರಾದರೂ ದಾರಿ ತೋರಿಸಿ.

ಪೈಥಾನ್‌ಪದ್ಮಾ:
ಮೊದಲು 535. ಬ್ರೌಸರಿನ ಪಾಸ್‌ವರ್ಡ್ ಪ್ರೋಗ್ರಾಮಿಗೆ ನಡೆಯುವ ಕಾಲ ಮುಗಿಯಿತು. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬರುವ ಆ್ಯಪ್‌ಗಳಿಗೆ ಇದ್ದ ಅನುಮತಿಯನ್ನು ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ಕ್ಕೆ ನಿಲ್ಲಿಸಿತು. ಯೂಟ್ಯೂಬಿನಲ್ಲಿ ಈಗಲೂ ಸಿಗುವ "ಲೆಸ್ ಸೆಕ್ಯೂರ್ ಆ್ಯಪ್ಸ್ ಆನ್ ಮಾಡಿ" ಅನ್ನುವ ಪಾಠಗಳೆಲ್ಲ ಅದಕ್ಕಿಂತ ಹಳೆಯವು. ಸುಮ್ನೆ ಆ ಬಟನ್ ಹುಡುಕುತ್ತಾ ಕೂರಬೇಡಿ.

ಖಾತೆಗೆ ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಆಮೇಲೆ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬಹುದು. 16 ಅಕ್ಷರ ಇರುತ್ತದೆ, ನಾಲ್ಕು ನಾಲ್ಕಾಗಿ ಬಿಡಿಸಿ ತೋರಿಸುತ್ತಾರೆ. ಕಾಪಿ ಮಾಡಿದ ಮೇಲೆ ನಡುವಿನ ಸ್ಪೇಸ್ ತೆಗೆದುಬಿಡಿ. ಕೆಲವು ಸಲ ಆ ಸ್ಪೇಸ್ ಮಾಮೂಲಿ ಸ್ಪೇಸ್ ಆಗಿರುವುದಿಲ್ಲ, ಆಗ 535 ಹೋಗಿ ಆಸ್ಕಿ (ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಸಂಕೇತ ಪಟ್ಟಿ) ಕೋಡೆಕ್ ಎರರ್ ಶುರುವಾಗುತ್ತದೆ. ಜನ ತಲೆ ಕೆರೆದುಕೊಳ್ಳುವುದು ಅಲ್ಲೇ. ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಈ ಆ್ಯಪ್ ಪಾಸ್‌ವರ್ಡ್‌ಗಳೂ ರದ್ದಾಗುತ್ತವೆ. ಮುಂದಿನ ವರ್ಷ ಹೊಸ ಕಾರ್ಯದರ್ಶಿ ಬಂದು ಪಾಸ್‌ವರ್ಡ್ ಬದಲಿಸಿದಾಗ ನಿಮ್ಮ ಪ್ರೋಗ್ರಾಂ ಯಾಕೆ ನಿಂತಿತು ಅಂತ ಗೊತ್ತಿರಲಿ.

ಪಾಸ್‌ವರ್ಡನ್ನು ಕೋಡಿನೊಳಗೆ ಬರೆಯಬೇಡಿ, ಪ್ರೋಗ್ರಾಮಿನ ಹೊರಗೆ ಸಿಸ್ಟಮ್ ಇಟ್ಟುಕೊಳ್ಳುವ ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ ಓದಿಸಿ. ಕನೆಕ್ಷನ್ ತೆರೆಯುವಾಗ ಟೈಮ್‌ಔಟ್ ಕೊಡಿ, 30 ಸೆಕೆಂಡ್ ಸಾಕು. ಕೊಡದಿದ್ದರೆ ಸರ್ವರ್ ಮೌನವಾದಾಗ ಪ್ರೋಗ್ರಾಮೂ ಕಾಯುತ್ತಾ ಕೂರುತ್ತದೆ. ಇನ್ನೊಂದು ವಿಷಯ ಪಾಠಗಳಲ್ಲಿ ಕಾಣುವುದೇ ಕಡಿಮೆ. ಕನೆಕ್ಷನ್ನನ್ನು ಗುಪ್ತ ಮಾಡುವ ಸ್ಟಾರ್ಟ್‌ಟಿಎಲ್‌ಎಸ್ ಅನ್ನು ಬರಿಗೈಯಲ್ಲಿ ಕರೆದರೆ, ಎದುರಿನ ಸರ್ವರ್ ಅಸಲಿಯೇ ಅಂತ ಎಸ್‌ಎಂಟಿಪಿಲಿಬ್ ಸರ್ಟಿಫಿಕೇಟ್ ಪರೀಕ್ಷೆ ಮಾಡುವುದಿಲ್ಲ. ಎಸ್‌ಎಸ್‌ಎಲ್ ಮಾಡ್ಯೂಲಿನ ಕ್ರಿಯೇಟ್_ಡೀಫಾಲ್ಟ್_ಕಾಂಟೆಕ್ಸ್ಟ್ ಕರೆದು, ಬಂದದ್ದನ್ನು ಕಾಂಟೆಕ್ಸ್ಟ್ ಅಂತ ಕೊಡಿ. ದುಡ್ಡಿನ ವಿವರ ಕಳಿಸುವವರು ಇದನ್ನ ಬಿಡಬಾರದು.

ಅಡಕೆತೋಟ:
ತುಂಬಾ ಥ್ಯಾಂಕ್ಸ್ ಮೇಡಂ, ಲಾಗಿನ್ ಆಯಿತು. ಪೋರ್ಟ್ 587 ಹಾಕಿದ್ದೇನೆ. ಕೆಲವು ಕಡೆ 465 ಅಂತಾರೆ, ಕೆಲವು ಕಡೆ 25 ಅಂತಾರೆ. ಯಾವುದು ಸರಿ?

ಹುಬ್ಳಿಸರ್ವರ್:
ಅಡಕೆತೋಟ ಅವರೇ, 25 ಸರ್ವರ್ ಸರ್ವರ್ ನಡುವಿನ ಬಾಗಿಲು ರೀ. ನಿಮ್ಮಂಥ ಪ್ರೋಗ್ರಾಂ ಮೇಲ್ ಕೊಡೋದಕ್ಕೆ 587 ಅಥವಾ 465. 587ರಲ್ಲಿ ಮಾತು ಬಯಲಲ್ಲೇ ಶುರುವಾಗಿ, ಸ್ಟಾರ್ಟ್‌ಟಿಎಲ್‌ಎಸ್ ಅಂದ ಮೇಲೆ ಗುಪ್ತವಾಗುತ್ತದೆ. 465ರಲ್ಲಿ ಮೊದಲ ಅಕ್ಷರದಿಂದಲೇ ಗುಪ್ತ. 465ರ ಕಥೆ ಮಜಾ ಇದೆ. 90ರ ದಶಕದಲ್ಲಿ ಕೊಟ್ಟು, ಸ್ವಲ್ಪ ದಿನಕ್ಕೇ ವಾಪಸ್ ತಗೊಂಡರು. ಜನ ಮಾತ್ರ ಬಳಸೋದು ಬಿಡಲಿಲ್ಲ. ಕೊನೆಗೆ 2018ರ ಜನವರಿಯಲ್ಲಿ ಆರ್‌ಎಫ್‌ಸಿ 8314 (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನ ನಿಯಮ ಬರೆದಿಟ್ಟ ದಾಖಲೆ) ಬಂದು "ಇದನ್ನೇ ಬಳಸಿ" ಅಂತು. ಎರಡರಲ್ಲಿ ಯಾವುದಾದರೂ ನಡೆಯುತ್ತದೆ. 465 ಆದರೆ ಎಸ್‌ಎಂಟಿಪಿ_ಎಸ್‌ಎಸ್‌ಎಲ್ ಅನ್ನೋ ಕ್ಲಾಸ್ ಬಳಸಬೇಕು. ಮಾಮೂಲಿ ಕ್ಲಾಸಿನಿಂದ 465ಕ್ಕೆ ಹೋದರೆ ಇವನು ಅವನ ಮಾತಿಗೆ, ಅವನು ಇವನ ಮಾತಿಗೆ ಕಾಯ್ತಾ ಕೂರ್ತಾರೆ.

ಒಮ್ಮೆಯಾದರೂ ಲೈಬ್ರರಿ ಬಿಟ್ಟು ಕೈಯಲ್ಲೇ ಟೈಪ್ ಮಾಡಿ ಮೇಲ್ ಕಳಿಸಿ ನೋಡಿ. ಗುಪ್ತವಾಗುವ, ಲಾಗಿನ್ ಆಗುವ ಹಂತ ಬಿಟ್ಟರೆ ಒಳಗೆ ನಡೆಯುವುದು ಇಷ್ಟೇ:

ಸರ್ವರ್: 220, ಸಿದ್ಧ
ನಾವು: ಇಎಚ್‌ಎಲ್‌ಒ, ಜೊತೆಗೆ ನಮ್ಮ ಯಂತ್ರದ ಹೆಸರು
ಸರ್ವರ್: 250, ನನಗೆ ಏನೇನು ಬರುತ್ತದೆ ಅನ್ನೋ ಪಟ್ಟಿ
ನಾವು: ಮೇಲ್ ಫ್ರಮ್, ಕಳಿಸುವವರ ವಿಳಾಸ
ಸರ್ವರ್: 250
ನಾವು: ಆರ್‌ಸಿಪಿಟಿ ಟು, ತಲುಪಬೇಕಾದ ವಿಳಾಸ
ಸರ್ವರ್: 250
ನಾವು: ಡೇಟಾ
ಸರ್ವರ್: 354, ಹೇಳು
ನಾವು: ಹೆಡರ್‌ಗಳು (ಫ್ರಮ್, ಟು, ಸಬ್ಜೆಕ್ಟ್ ಸಾಲುಗಳು), ಒಂದು ಖಾಲಿ ಸಾಲು, ಪತ್ರ, ಕೊನೆಗೆ ಸಾಲಿನಲ್ಲಿ ಒಂಟಿ ಚುಕ್ಕಿ
ಸರ್ವರ್: 250, ತಗೊಂಡೆ
ನಾವು: ಕ್ವಿಟ್
ಸರ್ವರ್: 221

ಗುಪ್ತ ಕನೆಕ್ಷನ್ ಬೇಕಲ್ಲ, ಹಾಗಾಗಿ ಬಯಲಲ್ಲೇ ಮಾತಾಡುವ ಟೆಲ್ನೆಟ್ ಬದಲು ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ ಅನ್ನೋ ಕಮಾಂಡ್ ಬಳಸಿ. ಅಲ್ಲೊಂದು ಗುಂಡಿ ಇದೆ. ಆರ್‌ಸಿಪಿಟಿ ಅನ್ನೋದನ್ನ ದೊಡ್ಡಕ್ಷರದಲ್ಲಿ ಹೊಡೆದರೆ, ಸಾಲಿನ ಮೊದಲ ದೊಡ್ಡ ಆರ್ ನೋಡಿ ಅದು "ಕನೆಕ್ಷನ್ ಹೊಸದಾಗಿ ಮಾತಾಡಿಕೊಳ್ಳೋಣ" ಅಂತ ತಿಳಿಯುತ್ತದೆ, ಸರ್ವರಿಗೆ ನಿಮ್ಮ ಸಾಲು ಹೋಗೋದೇ ಇಲ್ಲ. ಸಣ್ಣಕ್ಷರದಲ್ಲಿ ಹೊಡೆಯಿರಿ. ಎಸ್‌ಎಂಟಿಪಿಗೆ, ಅಂದರೆ ಮೇಲ್ ಸಾಗಿಸುವ ಈ ಭಾಷೆಗೆ, ದೊಡ್ಡದು ಸಣ್ಣದು ಎರಡೂ ಒಂದೇ.

ಕುಂದಾಪ್ರಕೋಡು:
ಹುಬ್ಳಿ ಅಣ್ಣ ಬರೆದ ಆ ಮಾತುಕತೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ್ದು ಕಣ್ಣಿಗೆ ಬೀಳದೆ ಹೋಗಬಹುದು. ಮೇಲ್ ಫ್ರಮ್, ಆರ್‌ಸಿಪಿಟಿ ಟು ಇವೆರಡು ಲಕೋಟೆಯ ಮೇಲಿನ ವಿಳಾಸ. ಡೇಟಾ ನಂತರ ಬರುವ ಫ್ರಮ್, ಟು ಹೆಡರ್‌ಗಳು ಒಳಗಿನ ಕಾಗದದಲ್ಲಿ ಬರೆದದ್ದು. ಸರ್ವರ್ ಮೇಲ್ ಮುಟ್ಟಿಸುವುದು ಲಕೋಟೆ ನೋಡಿ. ಓದುವವರ ಕಣ್ಣಿಗೆ ಬೀಳುವುದು ಒಳಗಿನ ಕಾಗದ. ಎರಡೂ ಒಂದೇ ಇರಬೇಕು ಅಂತ ನಿಯಮವೇ ಇಲ್ಲ ಮಾರಾಯ್ರೆ. ಬಿಸಿಸಿ ನಡೆಯುವುದು ಹೀಗೇ, ಕಳ್ಳ ಮೇಲ್ ನಡೆಯುವುದೂ ಹೀಗೇ.

ಜಾನ್ ಪೋಸ್ಟೆಲ್ 1982ರ ಆಗಸ್ಟಿನಲ್ಲಿ ಆರ್‌ಎಫ್‌ಸಿ 821 ಬರೆದಾಗ ಎಸ್‌ಎಂಟಿಪಿಯಲ್ಲಿ ಪಾಸ್‌ವರ್ಡ್ ಅನ್ನುವುದೇ ಇರಲಿಲ್ಲ. ಲಾಗಿನ್ ಆಗುವ ವಿಧಾನ ಸೇರಿದ್ದು 1999ರಲ್ಲಿ. ಸ್ಪ್ಯಾಮ್, ಮೇಲ್ ಅಸಲಿಯೇ ಅಂತ ನೋಡುವ ಎಸ್‌ಪಿಎಫ್, ಡಿಕಿಮ್ ಅಂತ ನಾವು ಇವತ್ತು ಪಡುವ ಪಾಡೆಲ್ಲ ಆ ಬಾಗಿಲಿಗೆ ಆಮೇಲೆ ಹಾಕಿದ ಚಿಲಕಗಳದ್ದು.

ಒತ್ತಕ್ಷರ:
ಕನ್ನಡ ಸಬ್ಜೆಕ್ಟಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಅಡಕೆತೋಟ ಅವರೇ, ಆ ಭಾಗದ ಕೋಡ್ ಹೇಗಿದೆ?

ಅಡಕೆತೋಟ:
ನೆಟ್ಟಿನಲ್ಲಿ ಸಿಕ್ಕ ಹಳೆಯ ಒಂದು ಫಂಕ್ಷನ್ ಇಟ್ಟುಕೊಂಡಿದ್ದೇನೆ ಸರ್. ಸಬ್ಜೆಕ್ಟನ್ನು ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟ್ ಮಾಡುವ ವಿಧಾನ) ಬೈಟ್ ಮಾಡಿ, 40 ಬೈಟಿಗೊಂದು ತುಂಡು ಮಾಡಿ, ಪ್ರತಿ ತುಂಡನ್ನೂ ಬೇಸ್64ಗೆ (3 ಬೈಟನ್ನು 4 ಆಸ್ಕಿ ಅಕ್ಷರ ಮಾಡುವ ವಿಧಾನ) ಹಾಕಿ ಜೋಡಿಸುತ್ತದೆ. ಸಬ್ಜೆಕ್ಟ್ "ಷೇರು ಲಾಭಾಂಶ ವಿವರ" ಅಂತ ಶುರುವಾಗುತ್ತದೆ, ಮುಂದೆ ವರ್ಷ.

ಒತ್ತಕ್ಷರ:
ಕಳ್ಳ ಸಿಕ್ಕಿದ. ಹೆಡರ್‌ಗಳು ಹುಟ್ಟಿನಿಂದ ಆಸ್ಕಿ. ಕನ್ನಡ ಹೋಗಬೇಕು ಅಂದರೆ ಆರ್‌ಎಫ್‌ಸಿ 2047 ಹೇಳುವ ಪೊಟ್ಟಣದಲ್ಲಿ ಹೋಗಬೇಕು. ಸಮ ಚಿಹ್ನೆ, ಪ್ರಶ್ನೆ ಚಿಹ್ನೆ, ಯುಟಿಎಫ್-8, ಪ್ರಶ್ನೆ ಚಿಹ್ನೆ, ಬಿ, ಪ್ರಶ್ನೆ ಚಿಹ್ನೆ, ಆಮೇಲೆ ಬೇಸ್64 ಪಠ್ಯ, ಕೊನೆಗೆ ಪ್ರಶ್ನೆ ಚಿಹ್ನೆ ಮತ್ತು ಸಮ ಚಿಹ್ನೆ. ಒಂದು ಪೊಟ್ಟಣ 75 ಅಕ್ಷರ ಮೀರಬಾರದು. ಸುತ್ತಲಿನ ಚಿಹ್ನೆಗಳಿಗೇ 12 ಹೋಗುತ್ತವೆ. ಉಳಿದ 63ರಲ್ಲಿ ಬೇಸ್64 ನಾಲ್ಕರ ಗುಂಪಿನಲ್ಲಿ ಬರುವುದರಿಂದ 60 ಸಿಗುತ್ತದೆ. 60 ಅಂದರೆ 45 ಬೈಟು. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟು, ಹಾಗಾಗಿ ಒಂದು ಪೊಟ್ಟಣಕ್ಕೆ 15 ಸಂಕೇತ. ನಮಗೆ ಒಂದೇ ಅಕ್ಷರವಾಗಿ ಕಾಣುವ "ಕ್ಕ" ಅದರ ಲೆಕ್ಕದಲ್ಲಿ ಮೂರು: ಕ, ಹಲಂತ, ಇನ್ನೊಂದು ಕ. ಅದೊಂದಕ್ಕೇ 9 ಬೈಟು.

ನಿಮ್ಮ "ಷೇರು ಲಾಭಾಂಶ ವಿವರ" ಎಣಿಸಿ ನೋಡಿದೆ. ಷೇರು 4, ಲಾಭಾಂಶ 6, ವಿವರ 4, ಒಟ್ಟು 14 ಸಂಕೇತ, 42 ಬೈಟು. ಎರಡು ಸ್ಪೇಸ್ ಸೇರಿ 44. 40ಕ್ಕೆ ಕತ್ತರಿಸಿದರೆ ಚಾಕು ಬೀಳುವುದು "ವಿವರ"ದ ಎರಡನೇ ವ ನಡುವೆ. ಅದರ ಎರಡು ಬೈಟು ಈ ಪೊಟ್ಟಣದಲ್ಲಿ, ಮೂರನೆಯದು ಮುಂದಿನದರಲ್ಲಿ. ಪ್ರತಿ ಪೊಟ್ಟಣವನ್ನೂ ಬೇರೆಬೇರೆಯಾಗಿ ಬಿಚ್ಚುವ ಮೇಲ್ ಆ್ಯಪ್ ಎರಡು ಕಡೆಯೂ ಅರ್ಧ ಅಕ್ಷರ ಕಂಡು ಕಪ್ಪು ಚಿಹ್ನೆ ಹಾಕುತ್ತದೆ. ಅಕ್ಷರದ ನಡುವೆ ಕತ್ತರಿಸಬಾರದು ಅಂತ ನಿಯಮದಲ್ಲೇ ಇದೆ. ಕೆಲವು ಆ್ಯಪ್‌ಗಳು ಜೋಡಿಸಿಕೊಂಡು ಬಿಚ್ಚುತ್ತವೆ, ಆದ್ದರಿಂದ ಒಬ್ಬರ ಫೋನಿನಲ್ಲಿ ಸರಿ ಕಂಡು ಇನ್ನೊಬ್ಬರದ್ದರಲ್ಲಿ ಒಡೆಯುತ್ತದೆ. ಇದರ ಮೇಲೆ ಪೊಟ್ಟಣ ಇರುವ ಸಾಲಿಗೆ 76ರ ಮಿತಿ ಬೇರೆ ಇದೆ. ಸಾಲಿನ ಮೊದಲಿಗೆ ಬರುವ "ಸಬ್ಜೆಕ್ಟ್" ಅನ್ನುವ ಇಂಗ್ಲಿಷ್ ಪದ, ಕೋಲನ್, ಸ್ಪೇಸ್ ಸೇರಿ ಒಂಬತ್ತನ್ನು ತಿಂದುಬಿಡುತ್ತವೆ.

ಆ ಫಂಕ್ಷನ್ ಎಸೆಯಿರಿ. ಪೈಥಾನಿನಲ್ಲೇ ಇರುವ ಇಮೇಲ್‌ಮೆಸೇಜ್ ಕ್ಲಾಸ್ ತಗೊಳ್ಳಿ, ಸಬ್ಜೆಕ್ಟಿಗೆ ಕನ್ನಡವನ್ನು ಹಾಗೇ ಕೊಡಿ. ಕತ್ತರಿಸುವುದು, ಮಡಿಸುವುದು ಅದರ ಪಾಡು.

ಪೈಥಾನ್‌ಪದ್ಮಾ:
ಒತ್ತಕ್ಷರ ಸರ್ ಹೇಳಿದ ಇಮೇಲ್‌ಮೆಸೇಜ್ ಬಗ್ಗೆ ಇನ್ನೊಂದು ಕಾರಣ, ಇದು ನಿಜಕ್ಕೂ ಹೆದರಬೇಕಾದ್ದು. ಹಳೆಯ ಪಾಠಗಳಲ್ಲಿ ಅದರ ಬದಲು ಮೈಮ್‌ಮಲ್ಟಿಪಾರ್ಟ್ ಅಂತ ಕ್ಲಾಸ್ ಇರುತ್ತದೆ. ಒಂದೇ ಮೆಸೇಜ್ ಆಬ್ಜೆಕ್ಟನ್ನು ಲೂಪಿನ ಹೊರಗೆ ಮಾಡಿಕೊಂಡು, ಒಳಗೆ ಪ್ರತಿ ಸದಸ್ಯರಿಗೆ "ಟು" ಬದಲಿಸಿದರೆ ಏನಾಗುತ್ತದೆ ಗೊತ್ತಾ? ಬದಲಾಗುವುದಿಲ್ಲ. ಹಳೆಯದರ ಕೆಳಗೆ ಇನ್ನೊಂದು ಟು ಹೆಡರ್ ಸದ್ದಿಲ್ಲದೆ ಸೇರುತ್ತದೆ. ಮೇಲ್ ಕಳಿಸುವ ಸೆಂಡ್_ಮೆಸೇಜ್ ಫಂಕ್ಷನ್ ಓದುವುದು ಮೊದಲ ಟು ಮಾತ್ರ. ಅಂದರೆ 600 ಇಮೇಲ್‌ಗಳೂ ಪಟ್ಟಿಯ ಮೊದಲ ಸದಸ್ಯರಿಗೇ ಹೋಗುತ್ತವೆ. ಅಟ್ಯಾಚ್‌ಮೆಂಟುಗಳೂ ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ. ಹತ್ತನೇ ಮೇಲಿನಲ್ಲಿ ಹತ್ತು ಜನರ ಲೆಕ್ಕ! ಪ್ರೋಗ್ರಾಂ ಒಂದೇ ಒಂದು ಎರರ್ ಕೊಡದೆ ಮುಗಿಯುತ್ತದೆ.

ಇಮೇಲ್‌ಮೆಸೇಜ್‌ನಲ್ಲಿ ಎರಡನೇ ಟು ಹಾಕಲು ಹೋದರೆ ವ್ಯಾಲ್ಯೂಎರರ್ ಕೊಟ್ಟು ಅಲ್ಲೇ ನಿಲ್ಲಿಸುತ್ತದೆ. ಪ್ರತಿ ಸದಸ್ಯರಿಗೂ ಲೂಪಿನ ಒಳಗೆ ಹೊಸ ಆಬ್ಜೆಕ್ಟ್ ಮಾಡಿ. ಸದಸ್ಯರ ಹೆಸರನ್ನು ಸಬ್ಜೆಕ್ಟಿನಲ್ಲಿ ಹಾಕುವುದಾದರೆ, ಎಕ್ಸೆಲ್ ಕೋಶದಲ್ಲಿ ಯಾರೋ ಎಂಟರ್ ಹೊಡೆದು ಎರಡು ಸಾಲು ಮಾಡಿದ್ದರೂ ಇದು ತಡೆಯುತ್ತದೆ. ಹೆಡರಿನಲ್ಲಿ ಹೊಸ ಸಾಲು ನುಸುಳಿದರೆ ಅದು ಬೇರೆಯದೇ ಹೆಡರ್ ಆಗಿಬಿಡಬಹುದು. ವೆಬ್ ಫಾರ್ಮುಗಳ ಮೂಲಕ ಸ್ಪ್ಯಾಮ್ ಕಳಿಸುವವರು ಬಳಸುವ ಹಳೇ ಉಪಾಯ ಅದು.

ಡೇಟ್ ಮತ್ತು ಮೆಸೇಜ್-ಐಡಿ ಹೆಡರ್‌ಗಳನ್ನ ನೀವೇ ಹಾಕಿ. ಇಮೇಲ್ ಯುಟಿಲ್ಸ್‌ನಲ್ಲಿ ಎರಡಕ್ಕೂ ಫಂಕ್ಷನ್ ಇವೆ. ಎಸ್‌ಎಂಟಿಪಿಲಿಬ್ ತಾನಾಗಿ ಹಾಕುವುದಿಲ್ಲ.

ವಾಟ್ಸಾಪ್‌ವೀರ:
600 ಜನಕ್ಕೆ ಇಷ್ಟೆಲ್ಲ ಯಾಕೆ ಸ್ವಾಮಿ? ವಾಟ್ಸಾಪಿನಲ್ಲಿ ಹಾಕಿ ಮುಗಿಸಿ. ಇಲ್ಲಾಂದ್ರೆ ವರ್ಡಿನ ಮೇಲ್ ಮರ್ಜ್ ಇದೆಯಲ್ಲ.

ಅಡಕೆತೋಟ:
ಗುಂಪಿನಲ್ಲಿ ಒಬ್ಬರ ಷೇರು ಲೆಕ್ಕ ಇನ್ನೊಬ್ಬರಿಗೆ ಕಂಡರೆ ಮಹಾಸಭೆಯಲ್ಲಿ ನನ್ನ ಕಥೆ ಮುಗಿಯಿತು ಸರ್ 🙂 ಮೇಲ್ ಮರ್ಜ್ ನೋಡಿದೆ, ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಿಡಿಎಫ್ ಸೇರಿಸಲು ಆಗುವುದಿಲ್ಲ.

ಮೇಡಂ, ಒತ್ತಕ್ಷರ ಸರ್, ಇಬ್ಬರು ಹೇಳಿದ ಹಾಗೆ ಹೊಸದಾಗಿ ಬರೆದೆ. ಸಬ್ಜೆಕ್ಟ್ ಎಲ್ಲ ಫೋನಿನಲ್ಲೂ ಸರಿ ಬರುತ್ತಿದೆ. ಈಗ ಜಿಮೇಲ್ ಮೂಲಕ ಕಳಿಸುವಾಗ ಫ್ರಮ್‌ನಲ್ಲಿ ಸಂಘದ ಡೊಮೈನಿನ ವಿಳಾಸ ಹಾಕಿದರೆ, ತಲುಪಿದಾಗ ಜಿಮೇಲ್ ವಿಳಾಸವೇ ಕಾಣುತ್ತದೆ. ಹೋಸ್ಟಿಂಗಿನವರ ಸರ್ವರಿನಿಂದ ಕಳಿಸಿದರೆ ಸಂಘದ ವಿಳಾಸ ಕಾಣುತ್ತದೆ, ಆದರೆ ಸ್ಪ್ಯಾಮ್ ಫೋಲ್ಡರಿಗೆ ಹೋಗುತ್ತದೆ. ಯಾವ ಕಡೆ ಹೋಗಲಿ?

ಕುಂದಾಪ್ರಕೋಡು:
ಜಿಮೇಲ್ ಫ್ರಮ್ ಬದಲಿಸುವುದು ಬೇಕೆಂದೇ. ಆ ವಿಳಾಸ ನಿಮ್ಮದೇ ಅಂತ ಸೆಟ್ಟಿಂಗಿನಲ್ಲಿ ಮೊದಲೇ ಸೇರಿಸಿ ಖಾತ್ರಿ ಮಾಡಿರದಿದ್ದರೆ ಲಾಗಿನ್ ಆದ ಖಾತೆಯದ್ದನ್ನೇ ಹಾಕುತ್ತದೆ. ಇನ್ನೊಂದು ತೊಡಕು: ಉಚಿತ ಜಿಮೇಲಿಗೆ ದಿನಕ್ಕೆ 500ರ ಮಿತಿ. ನಿಮ್ಮದು 600. ಎರಡು ದಿನ ಮಾಡಬೇಕು, ಇಲ್ಲಾ ದುಡ್ಡು ಕೊಟ್ಟು ವರ್ಕ್‌ಸ್ಪೇಸ್ ತಗೊಂಡರೆ 2000.

ನಾನಾದರೆ ಸಂಘದ ಡೊಮೈನಿನಿಂದಲೇ ಕಳಿಸುತ್ತೇನೆ. ಸದಸ್ಯರಿಗೆ ನಂಬಿಕೆ ಬರುವುದು ಅದರಿಂದ. ಅದಕ್ಕೆ ಡಿಎನ್‌ಎಸ್‌ನಲ್ಲಿ (ಡೊಮೈನಿನ ವಿವರ ಯಾರು ಬೇಕಾದರೂ ನೋಡಬಹುದಾದ ದಾಖಲೆ) ಮೂರು ಬರಹ ಬೇಕು. ಎಸ್‌ಪಿಎಫ್ ಅಂದರೆ "ನನ್ನ ಡೊಮೈನ್ ಹೆಸರಿನಲ್ಲಿ ಈ ಸರ್ವರ್‌ಗಳು ಕಳಿಸಬಹುದು" ಅಂತ ಲಕೋಟೆಯ ವಿಳಾಸಕ್ಕೆ ಸಂಬಂಧಿಸಿದ ಪಟ್ಟಿ. ಡಿಕಿಮ್ ಅಂದರೆ ಮೇಲಿಗೆ ಸರ್ವರ್ ಹಾಕುವ ಸಹಿ. ಅದನ್ನು ಪರೀಕ್ಷಿಸುವ ಕೀ ಡಿಎನ್‌ಎಸ್‌ನಲ್ಲಿ ಇರುತ್ತದೆ. ಡಿಮಾರ್ಕ್ ಇವೆರಡನ್ನೂ ಓದುಗನಿಗೆ ಕಾಣುವ ಫ್ರಮ್‌ಗೆ ಕಟ್ಟುತ್ತದೆ. ಎರಡರಲ್ಲಿ ಒಂದಾದರೂ ಪಾಸ್ ಆಗಿ, ಅದರ ಡೊಮೈನ್ ಫ್ರಮ್‌ನ ಡೊಮೈನಿಗೆ ಹೊಂದಬೇಕು. ಹೊಂದದಿದ್ದರೆ ಏನು ಮಾಡಬೇಕು ಅಂತ ಡೊಮೈನಿನ ಯಜಮಾನ ಹೇಳುತ್ತಾನೆ: ಹಾಗೇ ಒಳಗೆ ಬಿಡು, ಇಲ್ಲಾ ಸ್ಪ್ಯಾಮಿಗೆ ಹಾಕು, ಇಲ್ಲಾ ತಿರಸ್ಕರಿಸು. ಯಾಹೂ 2014ರ ಏಪ್ರಿಲಿನಲ್ಲಿ "ತಿರಸ್ಕರಿಸು" ಅಂದಾಗ ಯಾಹೂ ವಿಳಾಸವನ್ನು ಫ್ರಮ್‌ನಲ್ಲಿ ಹಾಕಿ ಬೇರೆ ಸರ್ವರಿನಿಂದ ಕಳಿಸುತ್ತಿದ್ದ ಪ್ರೋಗ್ರಾಮುಗಳು, ಮೇಲಿಂಗ್ ಲಿಸ್ಟುಗಳು ರಾತ್ರೋರಾತ್ರಿ ನಿಂತವು.

ಎರಡು ಎಚ್ಚರಿಕೆ. ಒಂದು ಡೊಮೈನಿಗೆ ಒಂದೇ ಎಸ್‌ಪಿಎಫ್ ದಾಖಲೆ. ಗೂಗಲ್‌ಗೊಂದು, ಹೋಸ್ಟಿಂಗಿಗೊಂದು ಅಂತ ಎರಡು ಬರೆದರೆ ಎರಡೂ ದಂಡ. ಒಂದೇ ಸಾಲಿನಲ್ಲಿ ಸೇರಿಸಬೇಕು. ಆ ಸಾಲು ಓದಲು 10ಕ್ಕಿಂತ ಜಾಸ್ತಿ ಡಿಎನ್‌ಎಸ್ ಹುಡುಕಾಟ ಆಗಬಾರದು. ಮತ್ತೆ, ಡಿಕಿಮ್ ಬಿಡಬೇಡಿ. ನಿಮ್ಮ ಸದಸ್ಯರು ಹಳೇ ವಿಳಾಸದಿಂದ ಹೊಸದಕ್ಕೆ ಫಾರ್ವರ್ಡ್ ಹಾಕಿಟ್ಟುಕೊಂಡಿದ್ದರೆ ದಾರಿಯಲ್ಲಿ ಸರ್ವರ್ ಬದಲಾಗಿ ಎಸ್‌ಪಿಎಫ್ ಬೀಳುತ್ತದೆ. ಮೇಲಿನ ಒಳಗೆ ಏನೂ ತಿದ್ದದಿದ್ದರೆ ಡಿಕಿಮ್ ಸಹಿ ಉಳಿಯುತ್ತದೆ.

ನಿಮಗೇ ಒಂದು ಮೇಲ್ ಕಳಿಸಿಕೊಂಡು ಜಿಮೇಲಿನಲ್ಲಿ ಮೂರು ಚುಕ್ಕಿ ಒತ್ತಿ "ಶೋ ಒರಿಜಿನಲ್" ನೋಡಿ. ಮೂರರ ಮುಂದೆಯೂ ಪಾಸ್ ಅಂತ ಬರಬೇಕು.

ನನ್ನದೇಸರ್ವರ್:
ಯಾಕೆ ಎಲ್ಲರೂ ಕಂಪನಿಗಳ ಬಾಗಿಲಿಗೇ ಹೋಗುತ್ತೀರಿ? ಒಂದು ವಿಪಿಎಸ್ (ಬಾಡಿಗೆ ಸರ್ವರ್) ತಗೊಂಡು ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸರ್ವರ್ ಹಾಕಿ. ಇಮೇಲ್ ಇರುವುದೇ ಯಾರು ಬೇಕಾದರೂ ನಡೆಸಬಹುದಾದ ವ್ಯವಸ್ಥೆ ಅಂತ. ಪ್ರೋಗ್ರಾಂ ಲೋಕಲ್‌ಹೋಸ್ಟಿಗೆ (ತಾನಿರುವ ಯಂತ್ರಕ್ಕೇ) ಕೊಟ್ಟರೆ ಸಾಲಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುವುದು ಎಲ್ಲ ಪೋಸ್ಟ್‌ಫಿಕ್ಸೇ ಮಾಡುತ್ತದೆ.

ಹುಬ್ಳಿಸರ್ವರ್:
ನಿಮ್ಮ ಮಾತು ತತ್ವಕ್ಕೆ ಸರಿ ರೀ. ಸಂಘದ ಲೆಕ್ಕಿಗರಿಗೆ ಬ್ಯಾಡ. ದೊಡ್ಡ ಕ್ಲೌಡ್‌ಗಳಲ್ಲಿ ಹೊರಹೋಗುವ 25ನೇ ಪೋರ್ಟೇ ಮುಚ್ಚಿರುತ್ತದೆ. ಅಮೆಜಾನಿನ ಇಸಿ2ನಲ್ಲಿ ಅರ್ಜಿ ಹಾಕಿ ತೆರೆಸಿಕೊಳ್ಳಬೇಕು, ಗೂಗಲ್ ಕ್ಲೌಡ್‌ನಲ್ಲಿ ಸಾಮಾನ್ಯವಾಗಿ ಮುಚ್ಚೇ ಇರುತ್ತದೆ. ತೆರೆದರೂ ಐಪಿ ವಿಳಾಸಕ್ಕೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ಹೇಳುವ ದಾಖಲೆ) ಬೇಕು. ಆ ಐಪಿಯಲ್ಲಿ ನಿಮ್ಮ ಹಿಂದೆ ಇದ್ದವನು ಸ್ಪ್ಯಾಮ್ ಕಳಿಸಿದ್ದರೆ ಅವನ ಹೆಸರು ನಿಮ್ಮ ತಲೆಗೆ. ವರ್ಷಕ್ಕೆ ಒಂದು ಸಲ 600 ಮೇಲ್ ಕಳಿಸುವ ಐಪಿಗೆ ಒಳ್ಳೇ ಹೆಸರು ಬರುವುದಾದರೂ ಹೇಗೆ?

ಹೋಸ್ಟಿಂಗಿನವರು ಡಿಕಿಮ್ ಮಾಡಿಕೊಡಲ್ಲ ಅಂದರೆ ಅಮೆಜಾನ್ ಎಸ್‌ಇಎಸ್ ಥರದ ಮೇಲ್ ಕಳಿಸುವ ಸೇವೆ ನೋಡಿ. ಮುಂಬೈ ರೀಜನ್ನಿನಲ್ಲೂ ಇದೆ. 1000 ಮೇಲಿಗೆ 10 ಸೆಂಟ್, ಅಂದರೆ ನಿಮ್ಮ 600ಕ್ಕೆ 6 ಸೆಂಟ್. ಅಟ್ಯಾಚ್‌ಮೆಂಟಿನ ಡೇಟಾಕ್ಕೆ ಸ್ವಲ್ಪ ಬೇರೆ. ಆದರೆ ಹೊಸ ಖಾತೆ ಸ್ಯಾಂಡ್‌ಬಾಕ್ಸಿನಲ್ಲಿ ಇರುತ್ತದೆ. ದಿನಕ್ಕೆ 200, ಅದೂ ನೀವು ಮೊದಲೇ ಖಾತ್ರಿ ಮಾಡಿಸಿದ ವಿಳಾಸಗಳಿಗೆ ಮಾತ್ರ. ಹೊರಗೆ ಬರಲು ಏನು ಕಳಿಸ್ತೀರಿ, ಯಾರಿಗೆ, ಯಾಕೆ ಅಂತ ಬರೆದು ಕೇಳಬೇಕು. ಮಹಾಸಭೆ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.

ನನ್ನದೇಸರ್ವರ್:
ಎಲ್ಲರೂ ಹೀಗೆ ಅಂದುಕೊಂಡೇ ಇಮೇಲ್ ಎರಡು ಮೂರು ಕಂಪನಿಗಳ ಕೈ ಸೇರಿದ್ದು. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಹೊಸ ಷರತ್ತು ಹಾಕಿದವು. ರಾಶಿ ಮೇಲ್ ಕಳಿಸುವವರು (ಜಿಮೇಲ್ ಲೆಕ್ಕದಲ್ಲಿ ದಿನಕ್ಕೆ 5000) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಇಟ್ಟುಕೊಳ್ಳಬೇಕು, ಜಾಹೀರಾತಿನ ಮೇಲಾದರೆ ಒಂದೇ ಕ್ಲಿಕ್ಕಿನಲ್ಲಿ ಬಿಡಿಸಿಕೊಳ್ಳುವ ದಾರಿ ಬೇಕು, ಸ್ಪ್ಯಾಮ್ ದೂರು 0.3% ಮುಟ್ಟಬಾರದು. ನಿಯಮ ಕೆಟ್ಟದ್ದಲ್ಲ. ಬರೆಯುವವರು ಯಾರು ಅನ್ನುವುದು ನನ್ನ ತಕರಾರು.

ಕುಂದಾಪ್ರಕೋಡು:
ತಕರಾರು ನನಗೂ ಇದೆ. ಅದಕ್ಕೊಂದು ಬೇರೆ ಚರ್ಚೆ ತೆರೆಯಿರಿ, ಬಂದು ಜಗಳ ಆಡುವ. ಇಲ್ಲಿ ಪಾಪ ಅವರ ಮಹಾಸಭೆ ಹತ್ತಿರ ಬಂತು.

ಪೈಥಾನ್‌ಪದ್ಮಾ:
ಅಡಕೆತೋಟ ಅವರೇ, ನಿಜವಾದ ಪಟ್ಟಿ ಮುಟ್ಟುವ ಮುಂಚೆ ಒಣ ಓಟ ಮಾಡಿ. ಎಐಒಎಸ್‌ಎಂಟಿಪಿಡಿ ಅಂತ ಪ್ಯಾಕೇಜ್ ಇದೆ. ಲೋಕಲ್‌ಹೋಸ್ಟಿನ 8025ನೇ ಪೋರ್ಟಿನಲ್ಲಿ ಸುಳ್ಳು ಸರ್ವರ್ ಎಬ್ಬಿಸಿ, ಬಂದ ಮೇಲನ್ನು ಪರದೆಯ ಮೇಲೆ ತೋರಿಸುತ್ತದೆ. ಯಾರಿಗೂ ಏನೂ ಹೋಗುವುದಿಲ್ಲ. ಹಳೆ ಪುಸ್ತಕಗಳಲ್ಲಿರುವ ಎಸ್‌ಎಂಟಿಪಿಡಿ ಮಾಡ್ಯೂಲನ್ನು ಪೈಥಾನ್ 3.12ರಲ್ಲಿ ತೆಗೆದುಹಾಕಿದ್ದಾರೆ. ಕಣ್ಣಿಗೆ ಚೆಂದ ಬೇಕಾದರೆ ಮೇಲ್‌ಪಿಟ್ ಹಾಕಿಕೊಳ್ಳಿ, ಬ್ರೌಸರಿನಲ್ಲೇ ಇನ್‌ಬಾಕ್ಸ್ ಥರ ಕಾಣುತ್ತದೆ. ಪರೀಕ್ಷೆಗೆ ಬಾಯಿಗೆ ಬಂದ ವಿಳಾಸ ಹಾಕಬೇಡಿ, ಅದು ಯಾರದ್ದೋ ಆಗಿರುತ್ತದೆ. ಎಕ್ಸಾಂಪಲ್ ಡಾಟ್ ಕಾಮ್ ಇರುವುದೇ ಇದಕ್ಕೆ.

ಪಿಡಿಎಫ್ ಎಷ್ಟು ದೊಡ್ಡದು? ಜಿಮೇಲಿನಿಂದ ಕಳಿಸುವಾಗ ಮಿತಿ 25 ಎಂಬಿ, ಬೇಸ್64 ಆದಾಗ ಫೈಲು ಮೂರನೇ ಒಂದರಷ್ಟು ಊದುತ್ತದೆ. ಫೈಲಿನ ಹೆಸರು ಕನ್ನಡದಲ್ಲಿ ಇಡಬಹುದು, ಆದರೆ ಕೆಲವು ಹಳೇ ಆ್ಯಪ್‌ಗಳು ಹೆಸರು ಕಳೆದುಬಿಡುತ್ತವೆ. ಸದಸ್ಯತ್ವ ಸಂಖ್ಯೆಯನ್ನೇ ಹೆಸರಾಗಿ ಇಡಿ. ಕಳಿಸುವ ಮುಂಚೆ ಪ್ರೋಗ್ರಾಮೇ ಒಮ್ಮೆ ತಾಳೆ ನೋಡಲಿ: ಈ ಸಾಲಿನ ಸಂಖ್ಯೆಯೂ ಈ ಫೈಲಿನ ಸಂಖ್ಯೆಯೂ ಒಂದೇನಾ ಅಂತ.

ಅಡಕೆತೋಟ:
ಪಿಡಿಎಫ್ 100 ಕೆಬಿ ಒಳಗೇ ಇದೆ ಮೇಡಂ. ಒಣ ಓಟ ಸರಿ ಬಂತು. ಹೋಸ್ಟಿಂಗಿನವರಿಗೆ ಫೋನ್ ಮಾಡಿ ಡಿಕಿಮ್ ಆನ್ ಮಾಡಿಸಿದೆ, ಮೂರೂ ಪಾಸ್ ತೋರಿಸುತ್ತಿದೆ. ಅವರ ಮಿತಿ ಗಂಟೆಗೆ ಇಷ್ಟು ಅಂತ ಇದೆ, ಹಾಗಾಗಿ ನಡುವೆ ನಿಲ್ಲಿಸಿ ನಿಲ್ಲಿಸಿ ಕಳಿಸಬೇಕು. ಅರ್ಧದಲ್ಲಿ ಕರೆಂಟ್ ಹೋದರೆ? ಇಲ್ಲಿ ಮಳೆಗಾಲ ಅಂದ್ರೆ ಗೊತ್ತಲ್ಲ.

ಹುಬ್ಳಿಸರ್ವರ್:
ಎಕ್ಸೆಲ್ ಬಿಡಿ, ಎಸ್‌ಕ್ಯೂಲೈಟ್ (ಒಂದೇ ಫೈಲಿನ ಡೇಟಾಬೇಸ್) ತಗೊಳ್ಳಿ. ಪ್ರತಿ ಸದಸ್ಯರಿಗೆ ಒಂದು ಸಾಲು, ಸ್ಥಿತಿ ಅಂತ ಒಂದು ಕಾಲಂ. ಸೆಂಡ್_ಮೆಸೇಜ್ ವಾಪಸ್ ಬಂದ ಕೂಡಲೇ ಆ ಸಾಲಿಗೆ "ಕೊಟ್ಟಾಯಿತು", ಸಮಯ, ಮೆಸೇಜ್-ಐಡಿ ಬರೆದು ಕಮಿಟ್ ಮಾಡಿ, ಅಂದರೆ ಡಿಸ್ಕಿಗೆ ಖಾಯಂ ಮಾಡಿ. 600ಕ್ಕೂ ಸೇರಿಸಿ ಕೊನೆಗೆ ಒಂದೇ ಕಮಿಟ್ ಮಾಡಿದರೆ ಏನೂ ಪ್ರಯೋಜನ ಇಲ್ಲ. ಮತ್ತೆ ಓಡಿಸಿದಾಗ "ಕೊಟ್ಟಾಯಿತು" ಇಲ್ಲದವರನ್ನ ಮಾತ್ರ ಎತ್ತಿಕೊಳ್ಳಲಿ. ಸರ್ವರ್ 250 ಅಂದು, ನೀವು ಬರೆಯೋಕೆ ಮುಂಚೆ ಕರೆಂಟ್ ಹೋದರೆ ಒಬ್ಬರಿಗೆ ಎರಡು ಸಲ ಹೋಗುತ್ತದೆ. ಅದನ್ನ ಪೂರ್ತಿ ತಪ್ಪಿಸಲು ಬರಲ್ಲ, ಒಬ್ಬರಿಗೆ ಎರಡು ಹೋದರೆ ಆಕಾಶ ಬೀಳಲ್ಲ.

ಉತ್ತರದ ಮೊದಲ ಅಂಕಿ ನೋಡಿ. 4ರಿಂದ ಶುರುವಾದರೆ "ಈಗ ಬೇಡ, ಆಮೇಲೆ ಬಾ". 5 ಆದರೆ "ಬರಲೇ ಬೇಡ". 451 ಕೊಡುವ ಕೆಲವು ಸರ್ವರ್‌ಗಳು ಬೇಕೆಂದೇ ಮೊದಲ ಸಲ ತಳ್ಳುತ್ತವೆ. ಸ್ಪ್ಯಾಮ್ ಕಳಿಸುವವನು ಮತ್ತೆ ಬರಲ್ಲ, ನಿಜವಾದ ಸರ್ವರ್ ಬರುತ್ತದೆ ಅನ್ನೋ ಲೆಕ್ಕ. ಮತ್ತೆ ಪ್ರಯತ್ನಿಸುವಾಗ ಕನಿಷ್ಠ 30 ನಿಮಿಷ ಬಿಡಿ ಅಂತ ಆರ್‌ಎಫ್‌ಸಿ 5321 ಹೇಳುತ್ತದೆ, ಕೈಬಿಡೋಕೆ ಮುಂಚೆ ನಾಲ್ಕೈದು ದಿನ ನೋಡಿ ಅಂತಲೂ ಹೇಳುತ್ತದೆ. 5 ಬಂದವರಿಗೆ ಮತ್ತೆ ಮತ್ತೆ ಬಡಿಯಬೇಡಿ, ನಿಮ್ಮ ಡೊಮೈನಿನ ಹೆಸರೇ ಕೆಡುತ್ತದೆ.

ಅಡಕೆತೋಟ:
ಕಳಿಸಿ ಮುಗಿಯಿತು. ಎಲ್ಲ ಸಾಲಿಗೂ "ಕೊಟ್ಟಾಯಿತು" ಬಿದ್ದಿದೆ, ಒಂದೇ ಒಂದು 5 ಇಲ್ಲ. ಆದರೆ ಸಂಘದ ಇನ್‌ಬಾಕ್ಸಿಗೆ "ತಲುಪಲಿಲ್ಲ" ಅನ್ನುವ ಮೇಲುಗಳು ಬರುತ್ತಿವೆ. ಸರ್ವರ್ 250 ಅಂದಿತ್ತಲ್ಲ?

ಕುಂದಾಪ್ರಕೋಡು:
250 ಅಂದದ್ದು ನಿಮ್ಮ ಹೋಸ್ಟಿಂಗಿನ ಸರ್ವರ್. "ನಾನು ತಗೊಂಡೆ, ಇನ್ನು ನನ್ನ ಜವಾಬ್ದಾರಿ" ಅಂತ ಅರ್ಥ, ಸದಸ್ಯರ ಕೈ ಸೇರಿತು ಅಂತಲ್ಲ. ಆಮೇಲೆ ಅದು ಸದಸ್ಯರ ಕಡೆಯ ಸರ್ವರಿಗೆ ಹೋಗಿ, ಅಲ್ಲಿ ಬೇಡ ಅಂದಾಗ ಲಕೋಟೆಯ ಮೇಲಿನ ಕಳಿಸಿದವರ ವಿಳಾಸಕ್ಕೆ ವಾಪಸ್ ಬರೆಯುತ್ತದೆ. ಬೌನ್ಸ್ ಅನ್ನುವುದು ಅದನ್ನೇ.

ಕೈಯಲ್ಲಿ ಓದಬೇಕಿಲ್ಲ. ಬೌನ್ಸ್ ಮೇಲಿನ ಒಳಗೆ ಯಂತ್ರ ಓದಲಿ ಅಂತಲೇ ಡೆಲಿವರಿ-ಸ್ಟೇಟಸ್ ಅನ್ನುವ ಭಾಗ ಇರುತ್ತದೆ. ಯಾವ ವಿಳಾಸ, ಯಾವ ಸ್ಥಿತಿ ಅಂತ ಅಲ್ಲಿರುತ್ತದೆ. ಪೈಥಾನಿನ ಐಮ್ಯಾಪ್‌ಲಿಬ್‌ನಿಂದ ಇನ್‌ಬಾಕ್ಸ್ ತೆರೆದು ಆ ಭಾಗ ಎತ್ತಿಕೊಳ್ಳಿ, ನಿಮ್ಮ ಎಸ್‌ಕ್ಯೂಲೈಟಿನಲ್ಲಿ ಆ ಸದಸ್ಯರ ಸಾಲಿಗೆ ಬರೆಯಿರಿ. ಸ್ಥಿತಿಯ ಸಂಖ್ಯೆ 5.1.1 ಆದರೆ ಅಂಥ ವಿಳಾಸವೇ ಇಲ್ಲ, 5.2.2 ಆದರೆ ಮೇಲ್‌ಬಾಕ್ಸ್ ತುಂಬಿದೆ. 5.7 ಅಂತ ಶುರುವಾದರೆ ಅವರು ನಿಮ್ಮನ್ನ ನಂಬಲಿಲ್ಲ ಅಂತ, ಆಗ ಡಿಮಾರ್ಕ್ ಕಡೆ ಮತ್ತೆ ನೋಡಿ.

ಅಡಕೆತೋಟ:
ಹೆಚ್ಚಿನವು 5.1.1. ಸದಸ್ಯತ್ವ ಅರ್ಜಿಗಳನ್ನ ತೆಗೆಸಿ ನೋಡಿದರೆ ಕೈಬರಹದಲ್ಲಿ ಸೊನ್ನೆಯೋ ಇಂಗ್ಲಿಷ್ ಓ ಅಕ್ಷರವೋ ಗೊತ್ತಾಗದವೇ ಜಾಸ್ತಿ. ಜಿಮೇಲ್ ಅನ್ನುವುದರಲ್ಲಿ ಅಕ್ಷರ ಹಿಂದೆ ಮುಂದೆ ಆದವೂ ಇವೆ. ಗುಮಾಸ್ತರು ಅವರಿಗೆಲ್ಲ ಫೋನ್ ಮಾಡಿ ಸರಿ ವಿಳಾಸ ತಗೊಳ್ಳುತ್ತಿದ್ದಾರೆ. 5.2.2 ಬಂದವರನ್ನು ಪಟ್ಟಿಯಿಂದ ತೆಗೆಯಲೇ?

ಕುಂದಾಪ್ರಕೋಡು:
ತೆಗೆಯಬೇಡಿ. ವಾರ ಬಿಟ್ಟು ಒಮ್ಮೆ ಕಳಿಸಿ ನೋಡಿ. ಆಗಲೂ ತುಂಬಿದ್ದರೆ ಆ ಮೇಲ್‌ಬಾಕ್ಸ್ ಯಾರೂ ತೆರೆಯುತ್ತಿಲ್ಲ ಅಂತ ಲೆಕ್ಕ, ಅವರಿಗೆ ಅಂಚೆಯಲ್ಲೇ ಹಾಕಿ.